ಮೇಜಿನ ನಡುವಿನ ತಟ್ಟೆ

ಸಂಜೆ ಆರೂವರೆಗೆ ಅಥೆನ್ಸ್‌ನಲ್ಲಿ ರಾತ್ರಿಯೂಟಕ್ಕೆ ಕೂರುವವರು ಹೊರಗಿನಿಂದ ಬಂದವರು ಮಾತ್ರ. ಊರಿನವರು ಮಧ್ಯಾಹ್ನದ್ದನ್ನು ಉಂಡು ಎದ್ದು ಆಗಿನ್ನೂ ಎರಡು ಗಂಟೆ ಕಳೆದಿರುವುದಿಲ್ಲ; ಅವರ ರಾತ್ರಿಯೂಟ ಒಂಬತ್ತೂವರೆಗೋ ಹತ್ತಕ್ಕೋ. ಅಂಥ ಹೊತ್ತಲ್ಲದ ಹೊತ್ತಿನಲ್ಲಿ ಅಕ್ರೊಪೊಲಿಸ್ ಬುಡದ ಗಲ್ಲಿಯೊಂದರಲ್ಲಿ ಊಟಕ್ಕೆ ಕೂತಿದ್ದ ಕನ್ನಡದ ಸಂಸಾರವೊಂದರ ನೆನಪು ಬಿಡದೆ ಕಾಡುತ್ತದೆ. ಜರ್ಮನಿಯಲ್ಲಿ ಕೆಲಸದಲ್ಲಿರುವ ಮಗ, ಸೊಸೆ, ಏಳೆಂಟು ವರ್ಷದ ಮೊಮ್ಮಗಳು, ಮಲೆನಾಡಿನಿಂದ ಬಂದ ತಾಯಿ. ಬಾಗಿಲಲ್ಲಿ ನಿಂತು ಗಿರಾಕಿಗಳನ್ನು ಕರೆಯುತ್ತಿದ್ದ ಹುಡುಗ ಅವರನ್ನು ಕೂರಿಸಿ, ಒಂದೊಂದು ಅಡುಗೆಗೂ ಫೋಟೋ ಇದ್ದ ದಪ್ಪ ಮೆನು ಕೈಗಿಟ್ಟ. ಮಗ ತನಗೊಂದು ಬದನೆ, ಕೊಚ್ಚಿದ ಮಾಂಸದ ಮುಸಾಕಾ, ಹೆಂಡತಿಗೆ ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿಯ ಸುವ್ಲಾಕಿ, ಮಗುವಿಗೆ ಆಲೂಗಡ್ಡೆ ಫ್ರೈ ಎಂದು ತಲೆಗೊಂದರಂತೆ ಹೇಳಿ ತಾಯಿಯ ಕಡೆ ತಿರುಗಿದ. "ಅಮ್ಮ, ನಿಂಗೇನು ಹೇಳ್ಲಿ?" "ತರಕಾರಿದು ಏನಾದ್ರೂ ಹೇಳಪ್ಪ. ಮೊಟ್ಟೆ ಇರಬಾರ್ದು ನೋಡು." ಬಂದದ್ದು ಸುಟ್ಟ ತರಕಾರಿಯ ತಟ್ಟೆ: ಬದನೆಯ ಎರಡು ಬಿಲ್ಲೆ, ಸೌತೆಯಂತೆ ಕಾಣುವ ಜುಕಿನಿಯ ನಾಲ್ಕು ಸೀಳು, ಅಂಚು ಕರಿದಾದ ದೊಣ್ಣೆಮೆಣಸು. ಅವರು ಅದನ್ನು ಬ್ರೆಡ್ಡಿಗೆ ನೆಂಚಿಕೊಂಡು ನಿಧಾನವಾಗಿ ತಿಂದರು. ಬಿಲ್ಲು ಬಂದಾಗ ಮಗನ ಮುಖ ಸಣ್ಣಗಾಯಿತು. ಏಳುವಾಗ ತಾಯಿ ಹೇಳಿದ್ದು ಇಷ್ಟು: "ಇಲ್ಲಿ ನಮ್ಮಂಥೋರಿಗೆ ಏನೂ ಇಲ್ಲ ಬಿಡು."

ಕಾಡುವುದು ಆ ಮಾತು. ಯಾಕೆಂದರೆ ಅವರು ಕೂತಿದ್ದ ಊರಿನ ಅಡುಗೆಮನೆಗಳಲ್ಲಿ ಕಾಳು, ಸೊಪ್ಪು, ಬದನೆ, ಬೀನ್ಸ್, ಬೆಂಡೆಗಳ ಅಡುಗೆ ಬಗೆಬಗೆಯದು, ಮಾಂಸದ ಅಡುಗೆಗಿಂತ ಅಗ್ಗದ್ದು ಕೂಡ. ಮೆಟ್ರೋದಲ್ಲಿ ಎರಡು ಮೂರು ನಿಲ್ದಾಣ ಆಚೆ ಹೋಗಿ, ನಾಲ್ಕು ಗಂಟೆ ಮೊದಲೇ ಕೂತು, ತಲೆಗೊಂದರ ಬದಲು ಮೇಜಿಗೆ ಇಷ್ಟು ಎಂದು ಹೇಳಿದ್ದರೆ ಅದೇ ದುಡ್ಡಿನೊಳಗೆ ಆ ತಾಯಿಯೇ ಎಲ್ಲರಿಗಿಂತ ಚೆನ್ನಾಗಿ ಉಣ್ಣುತ್ತಿದ್ದರು.

ಬೆಳಗಿನ ಪಾತ್ರೆ, ರಾತ್ರಿಯ ಕೆಂಡ

ಗ್ರೀಸಿನಲ್ಲಿ ಎಲ್ಲವನ್ನೂ ನಾವು ರೆಸ್ಟೋರೆಂಟ್ ಎಂದುಬಿಡುತ್ತೇವೆ. ಅವರಿಗೆ ಅವು ಬೇರೆಬೇರೆ. ಮಾಯಿರಿಯೊ ಎಂದರೆ ಬೆಳಿಗ್ಗೆಯೇ ಪಾತ್ರೆಗಳಲ್ಲಿ, ಅಗಲ ತಟ್ಟೆಗಳಲ್ಲಿ ಅಡುಗೆ ಮಾಡಿ ಮಧ್ಯಾಹ್ನ ಬಡಿಸುವ ಜಾಗ. ನಮ್ಮ ಊಟದ ಹೋಟೆಲಿಗೆ ಹತ್ತಿರದ್ದು. ಪ್ಸಿಸ್ತರಿಯಾ ಎಂದರೆ ಕೆಂಡದ ಮೇಲೆ ಮಾಂಸ ಸುಡುವ ಜಾಗ, ಅದಕ್ಕೆ ರಾತ್ರಿಯೇ ಹೊತ್ತು. ತಾವೆರ್ನಾ ಇವೆರಡರ ನಡುವಿನದು: ಹಗಲು ಪಾತ್ರೆಯ ಅಡುಗೆ, ರಾತ್ರಿ ಕೆಂಡ, ಎರಡೂ ಹೊತ್ತು ಚಿಕ್ಕ ತಟ್ಟೆಯ ಮೆಜೆಗಳು. ಅಗ್ಗದ ಊಟ ಎಲ್ಲಿಂದ ಬರುತ್ತದೆ ಎಂಬುದು ಈ ವಿಂಗಡಣೆಯಲ್ಲೇ ಇದೆ. ಪಾತ್ರೆಯ ಅಡುಗೆಗೆ ಒಬ್ಬ ಅಡುಗೆಯವರು ಸಾಕು. ಒಲೆ ಒಮ್ಮೆ ಕಾಯುತ್ತದೆ, ಎಂಟು ಹತ್ತು ಬಗೆ ಒಟ್ಟಿಗೇ ಆಗುತ್ತವೆ, ಕೇಳಿದವರಿಗೆ ಸೌಟಿನಿಂದ ಎತ್ತಿ ಹಾಕಿದರೆ ಮುಗಿಯಿತು. ಕೆಂಡದ ಅಡುಗೆಗೆ ಪ್ರತಿ ಆರ್ಡರಿಗೂ ಒಬ್ಬರು ನಿಂತಿರಬೇಕು, ಮಾಂಸಕ್ಕೆ ಕಿಲೋ ಲೆಕ್ಕದ ಬೆಲೆ ತೆರಬೇಕು. ಹಾಗಾಗಿ ಮಧ್ಯಾಹ್ನ ಒಂದೂವರೆಯಿಂದ ಮೂರರೊಳಗೆ ಹೋದವರಿಗೆ ಪಾತ್ರೆಯ ಅಡುಗೆ ತಾಜಾ ಸಿಗುತ್ತದೆ. ರಾತ್ರಿ ಹೋದವರಿಗೆ ಅದರ ತಳ ಸಿಗುತ್ತದೆ, ಇಲ್ಲವೇ ಮುಗಿದಿದೆ ಎಂಬ ಉತ್ತರ. ರಾತ್ರಿ ಬೇಳೆ ಕಾಳು ಕೇಳಿ, ಮಧ್ಯಾಹ್ನ ಸುಟ್ಟ ಮಾಂಸ ಕೇಳಿ ಬೇಸರಪಟ್ಟವರನ್ನು ಎಷ್ಟು ನೋಡಿದರೂ ಮುಗಿಯದು. ಅಲ್ಲಿ ತಪ್ಪಿದ್ದು ಗಡಿಯಾರ, ಅಡುಗೆಯಲ್ಲ.

ಜಾಗ ಹುಡುಕಲು ಕೆಲವು ಗುರುತುಗಳಿವೆ. ಬಾಗಿಲಲ್ಲಿ ಕರೆಯುವವರು ಇದ್ದರೆ ಮುಂದೆ ನಡೆಯಿರಿ. ಮೆನುವಿನಲ್ಲಿ ನೂರು ಬಗೆ ಇದ್ದು ನೂರಕ್ಕೂ ಬೆಲೆ ಇದ್ದರೆ ಅಷ್ಟೂ ಒಂದೇ ದಿನ ತಾಜಾ ಆಗುವುದು ಸಾಧ್ಯವಿಲ್ಲ. ಹಳೆಯ ಮಾಯಿರಿಯೊಗಳಲ್ಲಿ ಅಚ್ಚಾದ ಪಟ್ಟಿ ಉದ್ದಕ್ಕಿರುತ್ತದೆ, ಆದರೆ ಪೆನ್ನಿನಲ್ಲಿ ಬೆಲೆ ಬರೆದಿರುವುದು ಆ ದಿನ ಒಲೆಯ ಮೇಲಿರುವುದಕ್ಕೆ ಮಾತ್ರ. ಬೆಲೆ ಇಲ್ಲದಿದ್ದರೆ ಇವತ್ತಿಲ್ಲ ಎಂದರ್ಥ. ಇನ್ನೂ ಒಳ್ಳೆಯದೆಂದರೆ ಎದ್ದು ಹೋಗಿ ಪಾತ್ರೆ ನೋಡುವುದು. ಗಾಜಿನ ಹಿಂದೆ ತಟ್ಟೆಗಳು ಸಾಲಾಗಿರುತ್ತವೆ, ಬೆರಳು ತೋರಿಸಿ ಕೇಳಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಭಾಷೆ ಬಾರದವರಿಗೆ ಇದಕ್ಕಿಂತ ಒಳ್ಳೆಯ ಮೆನು ಇಲ್ಲ. ಪೆತ್ರಾಲೊನಾ, ಕೆಸರ್ಯಾನಿ, ಕಿಪ್ಸೆಲಿ, ಪಂಗ್ರಾತಿಯಂಥ, ಜನ ವಾಸವಿರುವ ಬಡಾವಣೆಗಳಲ್ಲಿ ಇಂಥ ಜಾಗಗಳು ಈಗಲೂ ಉಳಿದಿವೆ. ಅಥಿನಾಸ್ ಬೀದಿಯ ವರ್ವಾಕಿಯೊಸ್ ಮಾರುಕಟ್ಟೆಯ ಸುತ್ತ, ಮೀನು ಮಾಂಸ ಮಾರುವವರೇ ಬಂದು ಉಣ್ಣುವ ಜಾಗಗಳೂ ಇವೆ. ಕಡಲೆಕಾಳಿನ ಸಾರು ಅಲ್ಲಿ ದಿನವೂ ಕುದಿಯುತ್ತದೆ.

ಅಗ್ಗ ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ಇಂಥ ಬಡಾವಣೆಯ ತಾವೆರ್ನಾದಲ್ಲಿ ಈಚಿನ ವರ್ಷಗಳಲ್ಲಿ ಹಂಚಿಕೊಂಡು ಉಂಡರೆ ತಲೆಗೆ ಸುಮಾರು 15ರಿಂದ 20 ಯೂರೋ ಬೀಳುತ್ತದೆ, ಮಾಂಸ ಮೀನು ಬಿಟ್ಟರೆ ಅದಕ್ಕಿಂತ ಕಡಿಮೆ. ಸಾಲದ ಬಿಕ್ಕಟ್ಟಿನ ವರ್ಷಗಳು ಈ ಜಾಗಗಳನ್ನು ಚೆನ್ನಾಗಿ ಅಲುಗಾಡಿಸಿದವು. ಹೋಟೆಲ್ ಊಟದ ಮೇಲಿನ ತೆರಿಗೆ 2011ರಲ್ಲಿ ಶೇ. 13ರಿಂದ 23ಕ್ಕೆ ಏರಿತು, 2013ರಲ್ಲಿ ಮತ್ತೆ 13ಕ್ಕೆ ಇಳಿಯಿತು, 2015ರಲ್ಲಿ ಪುನಃ 23, ಮರುವರ್ಷ 24, ಕೊನೆಗೆ 2019ರಲ್ಲಿ 13. ಜನರ ಸಂಬಳ ಕುಗ್ಗಿದ ಹೊತ್ತಿನಲ್ಲೇ ಇದೆಲ್ಲ ನಡೆಯಿತು. ಅದು ಮುಗಿಯಿತು ಎನ್ನುವಾಗ 2023ರ ಆಲಿವ್ ಸುಗ್ಗಿ ಕೈಕೊಟ್ಟು ಎಣ್ಣೆಯ ಬೆಲೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಎಣ್ಣೆಯಲ್ಲೇ ಬೇಯುವ ಅಡುಗೆಗೆ ಇದು ಸಣ್ಣ ಪೆಟ್ಟಲ್ಲ. ಆದರೂ ಬೆಲೆಯನ್ನು ಕೈಗೆಟುಕುವಷ್ಟರಲ್ಲೇ ಹಿಡಿದಿರುವ ಅಡುಗೆಯವರ ಬಗ್ಗೆ ಗೌರವ ಬೇಕು.

ಎಣ್ಣೆ ಬಿಡುವ ತನಕ

ಆ ತಾಯಿಗೆ ಬೇಕಿದ್ದ ಅಡುಗೆಗೆ ಗ್ರೀಕಿನಲ್ಲಿ ಲಾದೆರಾ ಎಂದು ಹೆಸರು. ಲಾದಿ ಎಂದರೆ ಎಣ್ಣೆ, ಲಾದೆರಾ ಎಂದರೆ ಎಣ್ಣೆಯವು. ತರಕಾರಿಯನ್ನು ಈರುಳ್ಳಿ, ಟೊಮೆಟೊ, ಧಾರಾಳ ಆಲಿವ್ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಮೆತ್ತಗಾಗುವಂತೆ ಬೇಯಿಸಿದ್ದು. ಹಸಿರು ಬೀನ್ಸಿನದು ಫಸೊಲಾಕ್ಯಾ, ಬೆಂಡೆಯದು ಬಾಮ್ಯೆಸ್, ಬದನೆ, ಜುಕಿನಿ, ಆಲೂಗಡ್ಡೆ ಎಲ್ಲ ಸೇರಿಸಿ ಒಲೆಗಿಟ್ಟದ್ದು ಬ್ರಿಯಾಮ್, ಇಡೀ ಬದನೆ ಸೀಳಿ ಈರುಳ್ಳಿ ತುಂಬಿದ್ದು ಇಮಾಮ್. ಒಂದು ಕಿಲೋ ಬೀನ್ಸಿಗೆ ಲೆಕ್ಕ ಹೀಗಿದೆ: 150 ಮಿಲಿ ಎಣ್ಣೆ, ಎರಡು ಈರುಳ್ಳಿ, ಅರ್ಧ ಕಿಲೋ ಹಣ್ಣು ಟೊಮೆಟೊ ತುರಿದದ್ದು, ಒಂದೆರಡು ಆಲೂಗಡ್ಡೆ, ಒಂದು ಹಿಡಿ ಪಾರ್ಸ್ಲಿ ಸೊಪ್ಪು. ಈರುಳ್ಳಿಯನ್ನು ಕೆಂಪಾಗಲು ಬಿಡದೆ ಬಾಡಿಸಿ, ಬೀನ್ಸ್ ಹಾಕಿ ಹೊರಳಿಸಿ, ಟೊಮೆಟೊ ಮತ್ತು ಒಂದು ಲೋಟ ನೀರು ಹಾಕಿ ಮುಚ್ಚಿಟ್ಟರೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಹದ ಯಾವುದು ಎಂದು ಕೇಳಿದರೆ ಗ್ರೀಕ್ ಅಡುಗೆಯವರು ಹೇಳುವುದು, "ತನ್ನ ಎಣ್ಣೆಯಲ್ಲಿ ಉಳಿಯಬೇಕು" ಎಂದು. ನಮ್ಮ ಅಡುಗೆಮನೆಯಲ್ಲಿ ಎಣ್ಣೆಗಾಯಿ ಮಾಡುವವರು ಹೇಳುವ "ಎಣ್ಣೆ ಬಿಡಬೇಕು" ಎಂಬುದೂ ಇದೇ. ಟೊಮೆಟೊದ ನೀರೆಲ್ಲ ಆರಿ ಎಣ್ಣೆ ಬದಿಗೆ ನಿಲ್ಲುವ ತನಕ ಬೆಂದಿರಬೇಕು. ಅದಕ್ಕೆ ಮೊದಲೇ ಇಳಿಸಿದರೆ ನೀರುನೀರಾದ ಟೊಮೆಟೊ ಸಾರಿನಲ್ಲಿ ಬೀನ್ಸ್ ತೇಲುತ್ತದೆ, ಎಣ್ಣೆಯ ರುಚಿ ಬೇರೆ, ಹುಳಿಯ ರುಚಿ ಬೇರೆ ಎಂದು ನಾಲಿಗೆಗೆ ತಿಳಿಯುತ್ತದೆ. ಬೀನ್ಸ್ ಹಸಿರಾಗಿ ಗರಿಗರಿ ಉಳಿಯಬೇಕೆಂಬ ಆಸೆ ಇಲ್ಲಿ ಬೇಡ. ಬಣ್ಣ ಮಾಸಿ, ಒತ್ತಿದರೆ ಬಾಯಲ್ಲಿ ಕರಗಬೇಕು.

ಇದನ್ನು ಬಡಿಸುವುದು ಬಿಸಿಯಾಗಿ ಅಲ್ಲ. ನಮ್ಮವರು ತಪ್ಪು ತಿಳಿಯುವ ದೊಡ್ಡ ಜಾಗ ಇದು. ಹೊಗೆಯಾಡದ ಪಲ್ಯ ಕಂಡರೆ ಹಳಸಲು ಎಂಬ ಅನುಮಾನ ಬರುವುದು ನಮಗೆ ಸಹಜ; ಬಿಸಿ ಮಾಡಿಕೊಡಿ ಎಂದು ತಟ್ಟೆ ವಾಪಸು ಕಳಿಸುತ್ತಾರೆ, ಅದು ಮೈಕ್ರೋವೇವಿನಲ್ಲಿ ಸುಡುಸುಡು ಬೆಂದು ಎಣ್ಣೆಯೆಲ್ಲ ಮೇಲೆ ತೇಲುತ್ತ ಬರುತ್ತದೆ. ಲಾದೆರಾ ಒಲೆಯಿಂದ ಇಳಿದು ಒಂದೆರಡು ಗಂಟೆ ಕೂತ ಮೇಲೆ ತರಕಾರಿ ಎಣ್ಣೆಯನ್ನೂ ರಸವನ್ನೂ ಮತ್ತೆ ಹೀರಿಕೊಳ್ಳುತ್ತದೆ. ಬಿಸಿಯಿದ್ದಾಗ ಎಣ್ಣೆಯ ಕಾವು ಮಾತ್ರ ನಾಲಿಗೆಗೆ ಸಿಗುತ್ತದೆ, ಫ್ರಿಜ್ಜಿನಿಂದ ತೆಗೆದರೆ ಆಲಿವ್ ಎಣ್ಣೆ ಹೆಪ್ಪುಗಟ್ಟಿ ತುಟಿಗೆ ಮೆತ್ತುತ್ತದೆ. ಉಗುರುಬೆಚ್ಚಗೆ ಇದ್ದಾಗಲೇ ಅದರ ಹೊತ್ತು. ನೆಂಚಿಕೊಳ್ಳಲು ಬ್ರೆಡ್, ಜೊತೆಗೆ ಫೆಟಾ ಚೀಸಿನ ಒಂದು ತುಂಡು. ತಟ್ಟೆಯ ತಳದ ಎಣ್ಣೆಯಲ್ಲಿ ಬ್ರೆಡ್ ಅದ್ದಿ ಬಳಿದು ತಿನ್ನುವುದಕ್ಕೆ ಪಾಪಾರಾ ಎಂದು ಹೆಸರು. ಮನೆಮಂದಿಯ ನಡುವೆ ಅದಕ್ಕೆ ಯಾವ ಸಂಕೋಚವೂ ಇಲ್ಲ.

ಕಾಳಿನಲ್ಲಿ ಯೀಗಂದೆಸ್ ಎಂಬ ದೊಡ್ಡ ಬಿಳಿ ಅವರೆಯಂಥದ್ದು ಕೇಳಿ ಪಡೆಯಬೇಕಾದ ಅಡುಗೆ. ಪ್ರೆಸ್ಪಾ ಕೆರೆಗಳ ಸೀಮೆಯದು, ಕಸ್ತೊರಿಯಾದ್ದು ಹೆಸರಾದವು. ಹನ್ನೆರಡು ಗಂಟೆ ನೆನೆಸಿ, ಬರಿ ನೀರಿನಲ್ಲಿ ಸಿಪ್ಪೆ ಒಡೆಯದಂತೆ ಮೆತ್ತಗೆ ಬೇಯಿಸಿ, ಆಮೇಲೆ ಟೊಮೆಟೊ, ಈರುಳ್ಳಿ, ಸೆಲರಿ, ಎಣ್ಣೆ ಹಾಕಿ 180 ಡಿಗ್ರಿಯಲ್ಲಿ ಒಂದು ಗಂಟೆಗೂ ಹೆಚ್ಚು ಒಲೆಯಲ್ಲಿಡುತ್ತಾರೆ. ಕಾಳು ಬೇಯುವ ಮೊದಲೇ ಟೊಮೆಟೊ ಬಿದ್ದರೆ ಆ ಕಾಳು ಮತ್ತೆ ಮೆತ್ತಗಾಗುವುದಿಲ್ಲ. ಬೇಳೆ ಬೇಯುವ ಮುಂಚೆ ಹುಣಸೆಹುಳಿ ಹಾಕಬೇಡ ಎಂದು ನಮ್ಮ ಮನೆಗಳಲ್ಲಿ ಹೇಳುವ ಕಾರಣವೇ ಇದು: ಹುಳಿ ಕಾಳಿನ ಗೋಡೆಯನ್ನು ಬಿಗಿಹಿಡಿಯುತ್ತದೆ. ತಿನ್ನುವಾಗ ಕಾಳು ಹಿಟ್ಟುಹಿಟ್ಟಾಗಿ ಗಟ್ಟಿಯಿದ್ದರೆ ಅಡುಗೆಯವರು ಅವಸರ ಮಾಡಿದ್ದಾರೆ ಎಂದು ತಿಳಿಯಬಹುದು. ಫಾವಾ ಎಂಬುದು ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ, ಮೇಲೆ ಎಣ್ಣೆ, ಹಸಿ ಈರುಳ್ಳಿ, ಉಪ್ಪಿನಲ್ಲಿಟ್ಟ ಕೇಪರ್ ಮೊಗ್ಗು ಹಾಕಿದ್ದು. ಒಗ್ಗರಣೆ ಇಲ್ಲದ ಗಟ್ಟಿ ತೊವ್ವೆ ಎನ್ನಿ. ಸಾಂತೊರಿನಿ ದ್ವೀಪದ ಅಸಲು ಫಾವಾ ಕಾಳು ನಮ್ಮ ಕೇಸರಿ ಬೇಳೆಯ ಕುಲದ್ದು. ಹೊರ್ತಾ ಎಂದರೆ ಬೇಯಿಸಿದ ಸೊಪ್ಪು, ಎಣ್ಣೆ ಮತ್ತು ನಿಂಬೆರಸದೊಡನೆ. ಬೇಸಿಗೆಯಲ್ಲಿ ಬರುವುದು ವ್ಲೀತಾ. ಅದು ನಮ್ಮ ಹರಿವೆಯೇ, ದಂಟಿನ ಸಮೇತ. ಚಳಿಗಾಲದಲ್ಲಿ ಕಹಿ ಸೊಪ್ಪುಗಳು. ಮಲೆನಾಡಿನ ಆ ಅಜ್ಜಿಗೆ ಹರಿವೆ ಸೊಪ್ಪಿನ ತಟ್ಟೆ ಸಿಗುವ ಊರಿನಲ್ಲಿ ಸುಟ್ಟ ದೊಣ್ಣೆಮೆಣಸು ಸಿಕ್ಕಿತಲ್ಲ ಎಂಬುದೇ ಸಂಕಟ.

ಉಪವಾಸದ ಪಟ್ಟಿ, ಅದರಲ್ಲಿನ ಕಂಟಕಗಳು

ಇಷ್ಟೊಂದು ಸಸ್ಯದ ಅಡುಗೆ ಬಂದದ್ದು ಬಡತನದಿಂದ ಮತ್ತು ಉಪವಾಸದಿಂದ. ಆರ್ಥೊಡಾಕ್ಸ್ ಚರ್ಚಿನ ಕಟ್ಟುಪಾಡಿನಲ್ಲಿ ಬುಧವಾರ ಶುಕ್ರವಾರಗಳು, ಈಸ್ಟರ್‌ಗೆ ಮುಂಚಿನ ಏಳು ವಾರ, ಆಗಸ್ಟ್ 1ರಿಂದ 14, ಕ್ರಿಸ್‌ಮಸ್ಸಿಗೆ ಮುಂಚಿನ 40 ದಿನ ಹೀಗೆ ಕೂಡಿಸುತ್ತ ಹೋದರೆ ವರ್ಷದ ಅರ್ಧದಷ್ಟು ದಿನ ಮಾಂಸ, ಹಾಲು, ಮೊಟ್ಟೆ ವರ್ಜ್ಯ. ಇವತ್ತು ಅದನ್ನು ಪೂರ್ತಿ ಪಾಲಿಸುವವರು ಕಡಿಮೆ, ಆದರೆ ಅಡುಗೆ ಉಳಿದಿದೆ. ಆ ಅಡುಗೆಗೆ ನಿಸ್ತೀಸಿಮೊ ಎನ್ನುತ್ತಾರೆ. ಸಸ್ಯಾಹಾರಿ ಎಂದು ವಿವರಿಸುವುದಕ್ಕಿಂತ ಈ ಪದ ಬೇಗ ಅರ್ಥವಾಗುತ್ತದೆ. ಒಂದೇ ತೊಡಕು: ಮೀನು ವರ್ಜ್ಯವಾದರೂ ರಕ್ತವಿಲ್ಲದವು ಎಂಬ ಲೆಕ್ಕದಲ್ಲಿ ಆಕ್ಟೋಪಸ್, ಸ್ಕ್ವಿಡ್, ಸಿಗಡಿ, ಚಿಪ್ಪಿನ ಜೀವಿಗಳು ಉಪವಾಸಕ್ಕೆ ಸಲ್ಲುತ್ತವೆ. ಆದ್ದರಿಂದ ನಿಸ್ತೀಸಿಮೊ ಎಂದ ಮೇಲೆ "ಓಹಿ ಥಾಲಸ್ಸಿನಾ", ಕಡಲಿನದು ಬೇಡ, ಎಂದೂ ಸೇರಿಸಬೇಕು. ಎಲ್ಲಕ್ಕಿಂತ ಸುಲಭದ ಪ್ರಶ್ನೆ "ತಿ ಲಾದೆರಾ ಎಹೆತೆ ಸೀಮೆರಾ?" ಇವತ್ತು ಲಾದೆರಾ ಏನಿದೆ? ಈ ಒಂದು ವಾಕ್ಯ ಬಾಯಿಪಾಠವಾದರೆ ಅರ್ಧ ಕೆಲಸ ಮುಗಿದಂತೆ.

ಹೆಸರುಗಳಲ್ಲಿ ಮೋಸಹೋಗುವ ಜಾಗಗಳಿವೆ. ಯೆಮಿಸ್ತಾ ಎಂದರೆ ಅಕ್ಕಿ ತುಂಬಿದ ಟೊಮೆಟೊ, ದೊಣ್ಣೆಮೆಣಸು. ಕೆಲವು ಕಡೆ ಅಕ್ಕಿಯ ಜೊತೆ ಕೊಚ್ಚಿದ ಮಾಂಸವೂ ಇರುತ್ತದೆ. ಮಾಂಸವಿಲ್ಲದ್ದಕ್ಕೆ ಒರ್ಫನಾ ಎನ್ನುತ್ತಾರೆ, ಅನಾಥವಾದವು ಎಂದು. (ಒಳ್ಳೆಯ ಯೆಮಿಸ್ತಾದಲ್ಲಿ ಅಕ್ಕಿಯನ್ನು ಹಸಿಯಾಗಿಯೇ, ಮುಕ್ಕಾಲು ಮಾತ್ರ ತುಂಬುತ್ತಾರೆ. ಅಂಚಿನ ತನಕ ತುಂಬಿದರೆ ಅಕ್ಕಿ ಅರಳಿ ಟೊಮೆಟೊ ಸೀಳುತ್ತದೆ, ಮೇಲಿನ ಅಗುಳು ಬೇಯದೆ ಉಳಿಯುತ್ತದೆ.) ದ್ರಾಕ್ಷಿ ಎಲೆಯ ಸುರುಳಿಯಲ್ಲಿ ಯಾಲಂಜಿ ಎಂದಿದ್ದರೆ ಬರಿ ಅಕ್ಕಿ ಮತ್ತು ಸೊಪ್ಪು, ಆ ತುರ್ಕಿ ಪದಕ್ಕೆ ಸುಳ್ಳಿನದು ಎಂದರ್ಥ. ಮೇಲೆ ಹಳದಿ ಬಿಳಿ ಗೊಜ್ಜು ಸುರಿದು ಬಿಸಿಯಾಗಿ ಬಂದರೆ ಒಳಗೆ ಮಾಂಸ, ಗೊಜ್ಜಿನಲ್ಲಿ ಮೊಟ್ಟೆ ಮತ್ತು ನಿಂಬೆ. ಕೊಲೊಕಿಥೊಕೆಫ್ತೆದೆಸ್ ಹೆಸರಿನಲ್ಲಿ ಕೆಫ್ತೆ ಇದ್ದರೂ ಅದು ಜುಕಿನಿಯ ವಡೆ. ಮಾಂಸ ಇಲ್ಲ, ಮೊಟ್ಟೆ ಇದೆ. ನಸುಗೆಂಪು ತರಮಸಲಾತಾ ನೋಡಲು ಮೊಸರಿನ ಬಜ್ಜಿಯಂತಿದ್ದರೂ ಮೀನಿನ ಮೊಟ್ಟೆಯದು. ಸುಟ್ಟ ಬದನೆಯ ಮೆಲಿಜಾನೊಸಲಾತಾದಲ್ಲಿ ಕೆಲವರು ಮೇಯನೇಸ್ ಬೆರೆಸುತ್ತಾರೆ, ಕೇಳಿಯೇ ತಗೊಳ್ಳಬೇಕು. ಫ್ರೈ ಕರಿಯುವ ಎಣ್ಣೆಯಲ್ಲೇ ಸ್ಕ್ವಿಡ್ಡೂ ಕರಿದಿರಬಹುದು. ಕಟ್ಟುನಿಟ್ಟಿನವರಿಗೆ ಇನ್ನೊಂದು ಮಾತು: ಫೆಟಾ ಶೇ. 70ಕ್ಕೆ ಕಡಿಮೆಯಿಲ್ಲದಂತೆ ಕುರಿ ಹಾಲು, ಉಳಿದದ್ದು ಆಡಿನ ಹಾಲು ಸೇರಿಸಿ, ಕನಿಷ್ಠ ಎರಡು ತಿಂಗಳು ಮಾಗಿಸಿದ ಚೀಸ್; ಅದನ್ನು ಹೆಪ್ಪುಗಟ್ಟಿಸಲು ಸಾಂಪ್ರದಾಯಿಕವಾಗಿ ಬಳಸುವುದು ಎಳೆ ಮರಿಗಳ ಹೊಟ್ಟೆಯ ರೆನೆಟ್. ಇದು ಒಪ್ಪದವರು ಮೊಸರು ತರಿಸಿಕೊಳ್ಳುವುದು ಮೇಲು. ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಹಿರಿಯರಿಗೆ ಲಾದೆರಾ ಆಗುವುದಿಲ್ಲ, ಈರುಳ್ಳಿ ಇಲ್ಲದೆ ಅದು ಹುಟ್ಟುವುದೇ ಇಲ್ಲ. ಅವರಿಗೆ ಹೊರ್ತಾ, ಬೇಯಿಸಿದ ಬೀಟ್ರೂಟ್, ಆಲಿವ್, ಗಟ್ಟಿ ಮೊಸರು, ಬ್ರೆಡ್, ಈರುಳ್ಳಿ ಹಾಕದ ಸಲಾಡ್.

ಖಾರವಿಲ್ಲ ಎಂಬ ದೂರಿಗೆ ಪರಿಹಾರ ಅಲ್ಲೇ ಇದೆ. ಬೂಕೊವೊ ಎಂದು ಕೇಳಿದರೆ ಕುಟ್ಟಿದ ಒಣಮೆಣಸು ತಂದಿಡುತ್ತಾರೆ.

ಹಳ್ಳಿ ಸಲಾಡಿನ ಬಗ್ಗೆ ಎರಡು ಮಾತು. ಹೊರಿಯಾತಿಕಿ ಎಂದರೆ ಹಳ್ಳಿಯದು: ಟೊಮೆಟೊ, ಸೌತೆ, ಈರುಳ್ಳಿ, ಹಸಿರು ಮೆಣಸು, ಆಲಿವ್, ಮೇಲೆ ಫೆಟಾದ ಇಡೀ ಹಲಗೆ, ಒರೆಗಾನೊ, ಎಣ್ಣೆ. ಎಲೆಕೋಸಿನಂಥ ಲೆಟ್ಯೂಸ್ ಅದರಲ್ಲಿ ಇರುವುದಿಲ್ಲ. ಒಂದು ತಟ್ಟೆ ನಾಲ್ವರಿಗೆ ಸಾಕು. ತಲೆಗೊಂದು ತರಿಸಿದರೆ ಹೊಟ್ಟೆ ಅಲ್ಲೇ ತುಂಬುತ್ತದೆ. ಇದು ಬೇಸಿಗೆಯ ಅಡುಗೆ. ಜನವರಿಯಲ್ಲಿ ತರಿಸಿದರೆ ಪ್ಲಾಸ್ಟಿಕ್ ಮನೆಯಲ್ಲಿ ಬೆಳೆದ, ರಸವಿಲ್ಲದ ಟೊಮೆಟೊ ಬರುತ್ತದೆ. ಚಳಿಗಾಲದಲ್ಲಿ ಊರಿನವರು ತರಿಸುವುದು ಎಲೆಕೋಸು ಕ್ಯಾರೆಟ್ಟಿನ ಸಲಾಡ್, ಇಲ್ಲವೇ ಸಣ್ಣಗೆ ಹೆಚ್ಚಿದ ಲೆಟ್ಯೂಸ್, ಈರುಳ್ಳಿ ಹೂವು, ಸಬ್ಬಸಿಗೆ ಸೇರಿದ್ದು. ನಮ್ಮ ಸಬ್ಬಸಿಗೆ ಸೊಪ್ಪು ಅವರ ಅಡುಗೆಯ ತುಂಬ ಇದೆ.

ಎಂಜಲಿನ ಪ್ರಶ್ನೆ

ಇನ್ನು ಮೇಜಿನ ನಡುವಿನ ತಟ್ಟೆ. ನಮ್ಮ ಊಟ ಎಲೆಯ ಊಟ. ಎಲ್ಲ ಬಗೆಯೂ ಎಲ್ಲರ ಎಲೆಗೂ ಬರುತ್ತದೆ, ಆದರೆ ಒಬ್ಬರ ಎಲೆ ಇನ್ನೊಬ್ಬರದಲ್ಲ. ಗ್ರೀಕರದು ತದ್ವಿರುದ್ಧ. "ಸ್ತಿ ಮೇಸಿ", ಅಂದರೆ ನಡುವಿಗೆ, ಎಂದು ಹೇಳಿ ತಟ್ಟೆಗಳನ್ನು ಮೇಜಿನ ಮಧ್ಯೆ ಇಡಿಸುತ್ತಾರೆ, ಎಲ್ಲರೂ ತಮ್ಮ ತಮ್ಮ ಫೋರ್ಕನ್ನು ಅದಕ್ಕೇ ಹಾಕುತ್ತಾರೆ. ಬಾಯಿಗೆ ಹೋದ ಫೋರ್ಕು ಮತ್ತೆ ಸಲಾಡಿಗೆ ಬರುತ್ತದೆ. ನಮ್ಮ ಹಿರಿಯರಿಗೆ ಇದು ಎಂಜಲು, ಗಂಟಲಲ್ಲಿ ಇಳಿಯುವುದಿಲ್ಲ. ಬಹುಪಾಲು ಕನ್ನಡದ ಸಂಸಾರಗಳು ತಲೆಗೊಂದು ತಟ್ಟೆ ಎಂದು ಹೇಳಿಬಿಡುವುದಕ್ಕೆ ಬಾಯಲ್ಲಿ ಹೇಳದ ಕಾರಣ ಇದೇ ಎಂದು ನನ್ನ ಎಣಿಕೆ. ಅದನ್ನು ಹಿಂದುಳಿದ ಅಭ್ಯಾಸ ಎಂದು ತಳ್ಳಿಹಾಕುವುದು ಸರಿಯಲ್ಲ. ಊಟ ಎಂಬುದು ಮನಸ್ಸಿಗೂ ಒಪ್ಪಬೇಕು. ಆದರೆ ತಲೆಗೊಂದು ತಟ್ಟೆ ಎಂದ ಕ್ಷಣ ತಾವೆರ್ನಾದ ಲೆಕ್ಕವೇ ಕೆಟ್ಟುಹೋಗುತ್ತದೆ. ಅಲ್ಲಿನ ಲಾದೆರಾ, ಕಾಳು, ಸೊಪ್ಪಿನ ಅಳತೆಯೆಲ್ಲ ಹಂಚುವುದಕ್ಕೆ ಎಂದೇ ಇರುವುದು. ಒಬ್ಬರೇ ಒಂದು ತಟ್ಟೆ ಯೀಗಂದೆಸ್ ತಿಂದರೆ ಮೂರನೇ ತುತ್ತಿಗೆ ಬೇಸರ. ನಾಲ್ಕು ಬಗೆಯ ನಡುವೆ ಅದೇ ತಟ್ಟೆ ನಾಲ್ವರಿಗೆ ರುಚಿ.

ದಾರಿ ಸುಲಭವಿದೆ. ಕೂತ ಕೂಡಲೇ "ಪ್ಯಾತಾಕ್ಯಾ", ಚಿಕ್ಕ ತಟ್ಟೆಗಳು, ಎಂದು ಕೇಳಿ. ಜೊತೆಗೆ ಬಡಿಸಲು ಎರಡು ದೊಡ್ಡ ಚಮಚ. ಪ್ರತಿ ಪದಾರ್ಥ ಬಂದಾಗ ಯಾರೂ ಫೋರ್ಕ್ ಹಾಕುವ ಮುಂಚೆ ಹಿರಿಯರ ತಟ್ಟೆಗೆ ಬಡಿಸಿ, ಆಮೇಲೆ ನಡುವಿಗಿಡಿ. ಮಾಂಸದ ತಟ್ಟೆಯನ್ನು ಮೇಜಿನ ಇನ್ನೊಂದು ತುದಿಗೆ ಇಡಿಸಿ, ಅದರ ಚಮಚ ಬೇರೆ ಇರಲಿ. ನಾಲ್ವರಿಗೆ ಮೊದಲ ಸುತ್ತಿನಲ್ಲಿ ಒಂದು ಹೊರಿಯಾತಿಕಿ, ಒಂದು ಹೊರ್ತಾ, ಒಂದು ಫಾವಾ ಇಲ್ಲವೇ ಯೀಗಂದೆಸ್, ಆ ದಿನದ ಲಾದೆರಾ ಒಂದು. ಮಾಂಸ ತಿನ್ನುವ ಇಬ್ಬರಿದ್ದರೆ ಕುರಿಮರಿಯ ಪಕ್ಕೆಲುಬು ಅರ್ಧ ಕಿಲೋ. ಅದು ತೂಕದ ಲೆಕ್ಕ, ಮೀನಿನ ಹಾಗೆ, ಹೇಳುವಾಗಲೇ ಎಷ್ಟು ಎಂದು ಸ್ಪಷ್ಟವಾಗಿರಲಿ. ಇಷ್ಟಕ್ಕೆ ನಿಲ್ಲಿಸಿ. ಸಾಲದಿದ್ದರೆ ಎರಡನೇ ಸುತ್ತು ಹೇಳಬಹುದು, ಊರಿನವರು ಹೇಳುವುದೂ ಹಾಗೇ. ಪದಾರ್ಥಗಳು ಆದ ಆದ ಹಾಗೆ ಬರುತ್ತವೆ, ಎಲ್ಲ ಬಂದ ಮೇಲೆ ಶುರುಮಾಡೋಣ ಎಂದು ಕಾಯಬಾರದು. ಕಾದರೆ ಕರಿದದ್ದು ತಣ್ಣಗಾಗುತ್ತದೆ. ಕೇಳದೆ ಬರುವ ಬ್ರೆಡ್ಡಿಗೆ ತಲೆಲೆಕ್ಕದ ಸಣ್ಣ ಹಣ ಬಿಲ್ಲಿನಲ್ಲಿ ಕುವೇರ್ ಎಂಬ ಹೆಸರಿನಲ್ಲಿರುತ್ತದೆ; ಬೇಡವಾದರೆ ತಂದ ಕೂಡಲೇ ಹೇಳಬೇಕು. ಆದರೆ ಲಾದೆರಾ ತರಿಸಿ ಬ್ರೆಡ್ ಬೇಡ ಎನ್ನುವುದು ಸಾರು ಹಾಕಿಸಿಕೊಂಡು ಅನ್ನ ಬೇಡ ಎಂದ ಹಾಗೆ. ನೀರು ಬಾಟಲಿಯಲ್ಲಿ ಬರುತ್ತದೆ. ಅಥೆನ್ಸಿನ ನಲ್ಲಿ ನೀರು ಕುಡಿಯಲು ಒಳ್ಳೆಯದೇ, ಅದನ್ನೇ ಜಗ್ಗಿನಲ್ಲಿ ಕೇಳಬಹುದು.

ಮನೆಯ ವೈನ್ ಲೀಟರ್ ಲೆಕ್ಕದಲ್ಲಲ್ಲ, ಕಿಲೋ ಲೆಕ್ಕದಲ್ಲಿ ಬರುತ್ತದೆ. ಅರ್ಧ ಕಿಲೋ ಎಂದರೆ ಅರ್ಧ ಲೀಟರಿನಷ್ಟೇ, ಅಲ್ಯುಮಿನಿಯಮ್ ಹೂಜಿಯಲ್ಲಿ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಹಳೆಯ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತಿದೆಯೇ ಎಂಬ ವಾದ ನಮಗೆ ಹಳೆಯದು. ಆ ಕತೆಯಲ್ಲಿ ಗ್ರೀಕರು ಭಾರತದ ಕರಾವಳಿಯ ಅರಸನಿಗೆ ನೀರು ಬೆರೆಸದ ವೈನ್ ಕುಡಿಸಿ ಮತ್ತೇರಿಸಿ ತಪ್ಪಿಸಿಕೊಳ್ಳುತ್ತಾರೆ. ಹಳೆಯ ಗ್ರೀಕರಿಗೆ ನೀರು ಬೆರೆಸಿ ಕುಡಿಯುವುದೇ ಮರ್ಯಾದೆ. ಈಗ ಗ್ರೀಕಿನಲ್ಲಿ ವೈನಿಗಿರುವ ಕ್ರಸೀ ಎಂಬ ಪದವೂ ಬೆರೆಸುವುದು ಎಂಬುದರಿಂದ ಬಂದದ್ದು.

ಕೆಸರ್ಯಾನಿಯ ಒಂದು ಭಾನುವಾರ

ಕೆಸರ್ಯಾನಿ 1922ರ ಬಳಿಕ ಏಷ್ಯಾ ಮೈನರ್‌ನಿಂದ, ಅಂದರೆ ಈಗಿನ ತುರ್ಕಿಯಿಂದ, ಎಲ್ಲ ಕಳೆದುಕೊಂಡು ಬಂದ ನಿರಾಶ್ರಿತರು ನೆಲೆನಿಂತ ಬಡಾವಣೆ. ಜೀರಿಗೆ ಹಾಕಿದ, ಅಲ್ಲಿನ ಸ್ಮಿರ್ನಾ ಊರಿನ ಮಾಂಸದುಂಡೆಯ ಸಾರಿನಂಥ ಅಡುಗೆಗಳು ಅಥೆನ್ಸಿಗೆ ಬಂದದ್ದು ಅಂಥವರ ಕೈಯಿಂದ. ಅಲ್ಲಿನ ತಾವೆರ್ನಾವೊಂದರಲ್ಲಿ ಮಧ್ಯಾಹ್ನ ಮೂರಕ್ಕೆ ಬಂದ ಏಳು ಜನರ ಸಂಸಾರ ಊಟಕ್ಕೆ ಕೂತ ರೀತಿ ಆ ಗಲ್ಲಿಯ ಸಂಜೆಯ ಪಕ್ಕದಲ್ಲೇ ನೆನಪಿಗೆ ಬರುತ್ತದೆ. ಮೆನು ಯಾರೂ ತೆರೆಯಲಿಲ್ಲ. ಎಲ್ಲರೂ ಯಾಯಾ ಎಂದು ಕರೆಯುತ್ತಿದ್ದ ಅಜ್ಜಿ ಎದ್ದು ನೇರ ಅಡುಗೆಮನೆಗೆ ಹೋದರು, ಮುಚ್ಚಳ ಎತ್ತಿಸಿ ನೋಡಿದರು, ಬೆಂಡೆ ಬೇಡವೆಂದು ತಲೆಯಾಡಿಸಿ ಬೀನ್ಸ್ ತೋರಿಸಿದರು. ವಾಪಸು ಬಂದು ಮಗನಿಗೆ ಹೇಳಿದರು, ಮಗ ಬಡಿಸುವವನಿಗೆ ಹೇಳಿದ: ಇಷ್ಟೆಲ್ಲ, ನಡುವಿಗೆ. ಏಳು ಜನಕ್ಕೆ ತಟ್ಟೆಗಳು ಒಂಬತ್ತೋ ಹತ್ತೋ. ಮಕ್ಕಳಿಬ್ಬರು ಫ್ರೈ ತಿಂದು ಎದ್ದು ಬೀದಿಯಲ್ಲಿ ಓಡಾಡಿದರು, ಮತ್ತೆ ಬಂದು ಯಾರದೋ ತಟ್ಟೆಯಿಂದ ತುತ್ತು ಎತ್ತಿಕೊಂಡು ಹೋದರು. ಅಜ್ಜಿ ಮಾಂಸ ಮುಟ್ಟಲಿಲ್ಲ. ಬೀನ್ಸಿನ ತಟ್ಟೆಯನ್ನು ಬ್ರೆಡ್ಡಿನಿಂದ ಬಳಿದು ಬಿಳಿ ಮಾಡಿದ್ದು ಅವರೇ.

ಎರಡು ಗಂಟೆ ಕಳೆದರೂ ಬಿಲ್ಲು ಬರಲಿಲ್ಲ. ಕೇಳದೆ ಅದು ಬರುವುದಿಲ್ಲ. ಎಬ್ಬಿಸುವ ಅವಸರ ಅಲ್ಲಿಲ್ಲ. ಕೇಳಿದ ಮೇಲೆ ಕಲ್ಲಂಗಡಿಯ ಹೋಳುಗಳು ಬಂದವು, ಅದು ಕೆರಾಸ್ಮಾ, ಅಂಗಡಿಯವರ ಕಡೆಯಿಂದ. ಆಮೇಲೆ ಜಗಳ. ಅಣ್ಣತಮ್ಮಂದಿರಿಬ್ಬರೂ ಬಿಲ್ಲಿನ ಚೀಟಿಗೆ ಕೈಹಾಕಿದರು, ದನಿ ಏರಿತು, ಪಕ್ಕದ ಮೇಜಿನವರೂ ಅತ್ತ ನೋಡಲಿಲ್ಲ. ಲೆಕ್ಕ ಹಾಕಿ ಪಾಲು ಹಂಚುವುದಕ್ಕೆ ರೆಫೆನೆ ಎಂಬ ಪದವಿದೆ, ಅದು ಗೆಳೆಯರ ನಡುವೆ; ಮನೆಯವರ ನಡುವೆ ಕರೆದವರೇ ಕೊಡಬೇಕು. ಕಡೆಗೆ ಅಜ್ಜಿ ತಮ್ಮನ ಕೈ ಹಿಡಿದು ಕೆಳಗಿಳಿಸಿದರು, ಅಣ್ಣ ಕೊಟ್ಟ. ರಸೀದಿ ಕೊಡದಿದ್ದರೆ ಗಿರಾಕಿ ಹಣ ಕೊಡಬೇಕಿಲ್ಲ ಎಂದು ಅಲ್ಲಿ ಪ್ರತಿ ಮೆನುವಿನ ಮೇಲೂ ಬರೆದಿರುತ್ತದೆ. ಅವನು ರಸೀದಿ ನೋಡಿ, ಚಿಲ್ಲರೆಯ ಜೊತೆ ಒಂದೆರಡು ನಾಣ್ಯ ಸೇರಿಸಿ ಲೋಟದ ಪಕ್ಕ ಇಟ್ಟ. ಕಾಫಿಗೆ ಅವರು ಅಲ್ಲಿ ಕೂರಲಿಲ್ಲ, ಕಾಫಿಯ ಜಾಗ ಬೇರೆ.

ಅವರು ಎದ್ದ ಮೇಲೆ ಬಡಿಸುವವನು ತಟ್ಟೆಗಳನ್ನು ಒಯ್ದ. ಮೇಜಿನ ನಾಲ್ಕು ಅಂಚಿನ ಕ್ಲಿಪ್ಪು ಬಿಚ್ಚಿ, ಮೇಲೆ ಹಾಸಿದ್ದ ಕಾಗದದ ನಾಲ್ಕೂ ಮೂಲೆಗಳನ್ನು ಒಳಮುಖವಾಗಿ ಮಡಿಸಿದ. ಬ್ರೆಡ್ಡಿನ ಚೂರು, ಆಲಿವ್ ಬೀಜ, ನಿಂಬೆ ಸಿಪ್ಪೆ, ಕಲ್ಲಂಗಡಿಯ ಬೀಜಗಳೆಲ್ಲ ಒಂದೇ ಮಡಿಕೆಯೊಳಗೆ ಸೇರಿದವು. ಉಂಡ ಎಲೆ ಎತ್ತುವ ಹಾಗೆ ಅದನ್ನು ಎತ್ತಿಕೊಂಡು ಒಳಗೆ ಹೋದ.